ಕಿವಿ ಹರಿದ ಹೆಂಗಸಿನ ಹಠ

ನಾಡಿನ ಚಿತ್ರಶಾಲೆಯಲ್ಲಿ ರಾಜನೊಬ್ಬನ ಚಿತ್ರದ ಎದುರಿಗೇ ಕಿವಿ ಹರಿದ ಹೆಂಗಸೊಬ್ಬಳ ಚಿತ್ರ ತೂಗುತ್ತಿತ್ತು. ಕೆಳಗಿನ ಫಲಕದಲ್ಲಿ ‘ಅಪರಿಚಿತ ಮಹಿಳೆ’ ಎಂದಷ್ಟೇ ಇತ್ತು. ಬಂದವರು ಅದನ್ನೋದಿ ಮುಂದೆ ನಡೆಯುತ್ತಿದ್ದರು. ಅವಳಿಗೆ ಸಾಕಾಗಿ ಹೋಗಿತ್ತು. ಚಿತ್ರಗಳನ್ನು ಊರೂರಿಗೆ ಒಯ್ದು ತೋರಿಸುವ ಲಾರಿ ಬಂದಾಗ, “ನಾನು ಹೋಗಿಯೇ ಹೋಗುತ್ತೇನೆ” ಎಂದಳು.

“ಹುಚ್ಚೇ ನಿನಗೆ?” ಎಂದ ರಾಜ. “ದಾರಿಯ ಕುಲುಕಾಟಕ್ಕೆ ಚೌಕಟ್ಟು ಮುರಿದೀತು. ನೋಡಬೇಕೆನ್ನುವವರು ಇಲ್ಲಿಗೇ ಬರಲಿ.”

“ನನ್ನನ್ನು ಬಲ್ಲವರು ಇಲ್ಲಿಯ ತನಕ ಬರಲಾರರು, ಪ್ರಭು. ಮುರಿದರೆ ಮುರಿಯಲಿ.”

ಅವಳು ಊರೂರು ಸುತ್ತಿ ತಿರುಗಿ ಬಂದಾಗ ಚೌಕಟ್ಟಿನ ಒಂದು ಮೂಲೆ ಮುರಿದೇ ಇತ್ತು. “ನಾನು ಹೇಳಲಿಲ್ಲವೇ?” ಎಂದು ರಾಜ ನಕ್ಕ.

“ಹೇಳಿದ್ದಿರಿ. ಆದರೆ ಒಂದೂರಿನ ಶಾಲೆಯಲ್ಲಿ ಮುದುಕಿಯೊಬ್ಬಳು ನನ್ನನ್ನು ನೋಡಿ, ‘ಎವ್ವಾ, ಇಕಿ ನಮ್ಮ ಸೂಲಗಿತ್ತಿ ನೀಲವ್ವ! ನಾ ಕೂಸಿದ್ದಾಗ ಓಲೆ ಜಗ್ಗಿ ಈ ಕಿವಿ ಹರದಾಕಿ ನಾನೇ’ ಎಂದು ಅತ್ತುಬಿಟ್ಟಳು.”

ಅಷ್ಟರಲ್ಲಿ ಕೆಲಸದವನು ಬಂದು ಹಳೆಯ ಫಲಕ ಕಿತ್ತು, ‘ಸೂಲಗಿತ್ತಿ ನೀಲವ್ವ’ ಎಂಬ ಹೊಸ ಫಲಕ ಬಡಿದು ಹೋದ.

ರಾಜ ತನ್ನ ಕೆಳಗಿದ್ದ ಬಿರುದುಗಳ ಸಾಲನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: “ನೀಲವ್ವಾ, ಆ ಲಾರಿ ಮತ್ತೆ ಯಾವಾಗ ಬರುತ್ತದೆ?”