ಗಾಜಿಲ್ಲದ ಕನ್ನಡಕ

“ಸರ್, ಬೆಳಕೆಲ್ಲಾ ಸರಿ ಐತಿ. ಆದ್ರೂ ಚಿತ್ರದಾಗ ಮನುಷ್ಯಾ ಯಾಕ ಇರಂಗಿಲ್ಲ?”

ದಾಕ್ಷಾಯಿಣಿ ಈ ಪ್ರಶ್ನೆಯನ್ನು ಫಕ್ಕೀರಪ್ಪ ಮಾಸ್ತರರ ಮುಂದೆ ಇಟ್ಟದ್ದು ಒಂದು ಬುಧವಾರ ಮಧ್ಯಾಹ್ನ, ಹುಬ್ಬಳ್ಳಿಯ ತನ್ನ ಸ್ಟುಡಿಯೋದಲ್ಲಿ. ಮಾಸ್ತರರು ನಲವತ್ತು ವರ್ಷ ಜನರ ಮುಖಗಳ ಚಿತ್ರ ತೆಗೆದವರು. ಈಗ ಕ್ಯಾಮೆರಾ ಕೆಳಗಿಟ್ಟು, ಶಿಷ್ಯರು ಕರೆದಲ್ಲಿಗೆ ಹೋಗಿ, ಮಜ್ಜಿಗೆ ಕುಡಿದು, ಎರಡು ಮಾತಾಡಿ ಬರುತ್ತಿದ್ದರು. ದಾಕ್ಷಾಯಿಣಿ ಅವರ ಬಳಿ ಮೂರು ವರ್ಷ ಕಲಿತವಳು. ಕಲಿತದ್ದರಲ್ಲಿ ಒಂದಕ್ಷರವನ್ನೂ ಮರೆತವಳಲ್ಲ. ನಿನ್ನ ರೋಗವೇ ಅದು ಎಂದು ಮಾಸ್ತರರು ಆಗಾಗ ಚೇಷ್ಟೆ ಮಾಡುತ್ತಿದ್ದರು.

ಆ ದಿನ ಅವಳು ಚೇಷ್ಟೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಊರಾಚೆಯ ಒಂದು ಕಾರ್ಖಾನೆಯವರು ತಮ್ಮ ಹನ್ನೊಂದು ಮಂದಿ ಅಧಿಕಾರಿಗಳ ಮುಖಚಿತ್ರ ತೆಗೆಯುವ ಕೆಲಸವನ್ನು ಅವಳಿಗೆ ಕೊಟ್ಟಿದ್ದರು. ಕಂಪನಿಯ ವೆಬ್‌ಸೈಟಿಗೆ, ಹೊರದೇಶದವರಿಗೆ ಕಳಿಸುವ ಪುಸ್ತಿಕೆಗೆ ಬೇಕಾದ ಚಿತ್ರಗಳು. ಅವಳು ಜೀವ ತೇಯ್ದು ತೆಗೆದುಕೊಟ್ಟಳು. ವಾರದ ಬಳಿಕ ಅಲ್ಲಿಯ ಮ್ಯಾನೇಜರ್ ಫೋನ್ ಮಾಡಿದ. ಚಿತ್ರಗಳೇನೋ ಬಹಳ ಚೆನ್ನಾಗಿವೆ ಮೇಡಂ, ಆದರೆ ನಮ್ಮವರೆಲ್ಲ ಬಸ್ಸಿಗೆ ಕಾಯುತ್ತ ನಿಂತ ಹಾಗೆ ಕಾಣುತ್ತಾರೆ ಎಂದ. ಈ ಬುಧವಾರದ ಮರುದಿನ ಬೆಳಿಗ್ಗೆ ಆ ಹನ್ನೊಂದು ಮಂದಿಯೂ ಇನ್ನೊಮ್ಮೆ ಬರುವವರಿದ್ದರು. ಈ ಸಲವೂ ಹಾಗೇ ಆದರೆ ಮನುಷ್ಯರ ಸಹವಾಸವೇ ಬೇಡ, ಮೊದಲಿನಂತೆ ಕಂಪನಿಗಳ ನೀರಿನ ಪಂಪು, ಮಿಕ್ಸರುಗಳ ಚಿತ್ರ ತೆಗೆದುಕೊಂಡು ಇದ್ದುಬಿಡುತ್ತೇನೆ ಎಂದು ಅವಳು ತೀರ್ಮಾನಿಸಿದ್ದಳು. ಪಂಪುಗಳು ಅವಳ ಮುಂದೆ ಬಹಳ ಚೆನ್ನಾಗಿ ಕೂರುತ್ತಿದ್ದವು. ಆದರೆ ಅವಳ ಪ್ರಾಣವೆಲ್ಲ ಇದ್ದದ್ದು ಮುಖಗಳಲ್ಲಿ. ಅದನ್ನು ಬಿಡಬೇಕಾಗಿ ಬಂದೀತು ಎಂದೇ ಮಾಸ್ತರರನ್ನು ಕರೆಸಿದ್ದಳು.

ಮಾಸ್ತರರು ಸ್ಟುಡಿಯೋವನ್ನು ಒಮ್ಮೆ ಸುತ್ತಿ ನೋಡಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ, ಗೋಡೆಗೆ ಕಪ್ಪು ಬಣ್ಣ. ಮೂರು ದೀಪ, ಮೂರಕ್ಕೂ ಬೆಳಕು ಹರಡುವ ಬಿಳಿ ಕೊಡೆ. ದಾಕ್ಷಾಯಿಣಿ ಕೂಡ ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದಳು. ಛಾಯಾಗ್ರಾಹಕರ ಬಟ್ಟೆಯ ಬಣ್ಣ ಎದುರಿಗೆ ಕುಳಿತವರ ಕೆನ್ನೆಯ ಮೇಲೆ ಬೀಳಬಾರದು ಎಂದು ಮಾಸ್ತರರೇ ಒಮ್ಮೆ ಹೇಳಿದ್ದರು. ಅಂದಿನಿಂದ ಕೆಲಸದ ಜಾಗದಲ್ಲಿ ಅವಳು ಬೇರೆ ಬಣ್ಣ ಮೈಗೆ ಹಾಕಿರಲಿಲ್ಲ.

ಹನ್ನೊಂದು ಚಿತ್ರಗಳನ್ನೂ ಮಾಸ್ತರರು ಕಂಪ್ಯೂಟರಿನಲ್ಲಿ ನಿಧಾನವಾಗಿ ನೋಡಿದರು. ಮೂಗಿನ ನೆರಳು ಹದವಾಗಿತ್ತು. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇರಬೇಕಾದಲ್ಲೇ ಇತ್ತು. ತಪ್ಪು ಸಿಕ್ಕೀತೆಂದು ದಾಕ್ಷಾಯಿಣಿ ಅವರ ಮುಖವನ್ನೇ ನೋಡುತ್ತ ನಿಂತಳು. ಅವರು ಕೊನೆಯ ಚಿತ್ರವನ್ನೂ ನೋಡಿ ಮುಗಿಸಿ, ಇನ್ನೊಂದು ಲೋಟ ಮಜ್ಜಿಗೆ ಕೇಳಿದರು. ಅದು ಕೈಗೆ ಬಂದ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೀಜದ ವ್ಯಾಪಾರಿ ಇದ್ದ. ಅವನ ಅಂಗಡಿಯ ಬೀಜದ ಪೊಟ್ಟಣದ ಮೇಲೆ ಅವನ ತಂದೆಯ ಮುಖ ಅಚ್ಚಾಗಿರುತ್ತಿತ್ತು. ಸುತ್ತಲಿನ ಹಳ್ಳಿಗಳ ಜನ ಆ ಮುಖ ನೋಡಿ ಬೀಜ ಒಯ್ಯುತ್ತಿದ್ದರು. ಅಕ್ಷರ ಬಾರದವರಿಗೂ ಆ ಮುಖ ಸಾಕಾಗುತ್ತಿತ್ತು. ತಂದೆ ತೀರಿಕೊಂಡು ಎರಡು ವರ್ಷವಾದ ಮೇಲೆ, ಇನ್ನು ಬೀಜಕ್ಕೆ ಹೊಣೆ ನಾನು, ಮುಖವೂ ನನ್ನದೇ ಇರಬೇಕು ಎಂದು ವ್ಯಾಪಾರಿ ನಿಶ್ಚಯಿಸಿದ. ಬೀಜ ಮೊಳೆಯದೆ ಹೋದರೆ ಜನ ಯಾರ ಮುಖ ನೋಡಿ ಬೈಯಬೇಕು, ಸತ್ತವರ ಮುಖವನ್ನೇ? ಅವನ ವಿಚಾರ ಹೀಗಿತ್ತು. ಒಳ್ಳೆಯವನೇ.

ಆದರೂ ಅವನಿಗೆ ಅಳುಕಿತ್ತು. ಜನ ಹೊಸ ಮುಖವನ್ನು ನಂಬದಿದ್ದರೆ, ತಂದೆ ಕಟ್ಟಿದ ಅಂಗಡಿ ಒಂದೇ ಮುಂಗಾರಿಗೆ ಮಲಗುತ್ತದೆ. ಅದಕ್ಕಾಗಿ ಆ ಸೀಮೆಯಲ್ಲೇ ಹೆಸರಾಗಿದ್ದ ಒಬ್ಬ ಛಾಯಾಗ್ರಾಹಕನಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದ.

ಬೆಳಕು ಹೊಂದಿಸುವುದರಲ್ಲಿ ಆ ಛಾಯಾಗ್ರಾಹಕನದು ಎತ್ತಿದ ಕೈ. ಬೊಕ್ಕತಲೆ ಹೊಳೆಯದಂತೆ, ಜೋಡಿಗದ್ದ ಕಾಣದಂತೆ, ಗುಳಿಬಿದ್ದ ಕೆನ್ನೆ ತುಂಬಿಕೊಂಡಂತೆ ಮಾಡಬಲ್ಲವನು. ಅವನಿಗೆ ಈ ಲೋಕದಲ್ಲಿ ಇದ್ದ ವೈರಿ ಒಂದೇ, ಕನ್ನಡಕ. ದೀಪ ಹಚ್ಚಿದೊಡನೆ ಗಾಜು ಬೆಳ್ಳಗೆ ಹೊಳೆದು ಕಣ್ಣು ಮರೆಯಾಗುತ್ತಿತ್ತು. ಗಾಜು ದಪ್ಪವಿದ್ದರಂತೂ ಕಣ್ಣು ಹುಣಸೆಬೀಜದಷ್ಟಾಗಿ, ಕೆನ್ನೆಯ ಗೆರೆ ಮುರಿದಂತೆ ಕಾಣುತ್ತಿತ್ತು. ಕನ್ನಡಕ ತೆಗೆಯಿರಿ ಎಂದರೆ, ಇಲ್ಲದಿದ್ದರೆ ನಮ್ಮ ಗುರುತೇ ಸಿಗದು ಎಂದು ಬಂದವರು ಹಟ ಹಿಡಿಯುತ್ತಿದ್ದರು. ಅದಕ್ಕೆ ಅವನು ಒಂದು ಉಪಾಯ ಹುಡುಕಿದ್ದ. ಬಂದವರ ಕನ್ನಡಕವನ್ನು ಬಾಗಿಲಲ್ಲೇ ಇಸಿದುಕೊಂಡು, ಚಿಕ್ಕ ಸ್ಕ್ರೂಡ್ರೈವರಿನಿಂದ ಗಾಜು ಬಿಚ್ಚಿ, ಬರಿಯ ಚೌಕಟ್ಟನ್ನು ಅವರ ಮೂಗಿನ ಮೇಲೆ ಕೂರಿಸುತ್ತಿದ್ದ. ಚಿತ್ರದಲ್ಲಿ ಕನ್ನಡಕವೂ ಇರುತ್ತಿತ್ತು, ಕಣ್ಣೂ ಇರುತ್ತಿತ್ತು. ಈ ಉಪಾಯ ನೆನೆದಾಗಲೆಲ್ಲ ಅವನು ಒಳಗೊಳಗೇ ಮೀಸೆ ತಿರುವಿಕೊಳ್ಳುತ್ತಿದ್ದ.

ವ್ಯಾಪಾರಿಯದು ಸೋಡಾ ಬಾಟಲಿಯ ತಳದಂಥ ಗಾಜು. ಉರಿಬಿಸಿಲಿನಿಂದ ಸ್ಟುಡಿಯೋದ ಕತ್ತಲೆಗೆ ಕಾಲಿಟ್ಟವನು ಏನೂ ಕಾಣದೆ ತಡವರಿಸುತ್ತ ನಿಂತಿದ್ದಾಗಲೇ ಛಾಯಾಗ್ರಾಹಕ ಅವನ ಕನ್ನಡಕ ಇಸಿದುಕೊಂಡ. ಕೈ ಹಿಡಿದು ಒಯ್ದು ಸ್ಟೂಲಿನ ಮೇಲೆ ಕೂರಿಸಿದ. ಖಾಲಿ ಚೌಕಟ್ಟು ಏರಿಸಿದ. ದೀಪ ಹಚ್ಚಿದ. ಇಲ್ಲಿ ನೋಡಿ ಎಂದು ಕೈಯೆತ್ತಿದ.

ವ್ಯಾಪಾರಿ ದನಿ ಬಂದ ಕಡೆಗೆ ನೋಡಿದ. ನೋಟ ಒಂದು ಗೇಣು ಆಚೆ ಬಿತ್ತು. ಸ್ವಲ್ಪ ಎಡಕ್ಕೆ ಎಂದರೆ ಒಂದು ಗೇಣು ಈಚೆ ಬಿತ್ತು. ನಾಲ್ಕು ಸಲ ಹೇಳಿ ಛಾಯಾಗ್ರಾಹಕನಿಗೆ ಸಾಕಾಯಿತು. ಜಾಣ ನೋಡಿ, ನೋಟ ಎಲ್ಲಿ ಬಿತ್ತೋ ಅಲ್ಲಿಗೆ ಕ್ಯಾಮೆರಾವನ್ನೇ ಸರಿಸಿಕೊಂಡ. ಹೀಗೆ ಎರಡು ತಾಸು ಕೆಲಸ ನಡೆಯಿತು. ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಗಾಜು ಕೂರಿಸಿದ ಕನ್ನಡಕ ಕೈಗೆ ಬಂದದ್ದೇ ತಡ, ವ್ಯಾಪಾರಿ ಅದನ್ನು ಮೂಗಿಗೇರಿಸುತ್ತಲೇ ಮೆಟ್ಟಿಲಿಳಿದು ಹೋದ.

ಚಿತ್ರ ಬಹಳ ಸೊಗಸಾಗಿ ಬಂದಿತ್ತು. ಹತ್ತು ವರ್ಷ ಚಿಕ್ಕವನಾದಂತಿದ್ದ. ವ್ಯಾಪಾರಿ ಮೊದಲಿಗೆ ನೂರು ಪೊಟ್ಟಣ ಅಚ್ಚು ಹಾಕಿಸಿ, ತಂದೆಯ ಮುಖದ ಹಳೆಯ ಪೊಟ್ಟಣಗಳ ಪಕ್ಕದಲ್ಲೇ ಇಟ್ಟ. ಆ ದಿನ ಛಾಯಾಗ್ರಾಹಕನೂ ಅಂಗಡಿಗೆ ಹೋದ. ಬೀಜ ಬೇಕಾಗಿರಲಿಲ್ಲ. ತನ್ನ ಕೆಲಸದ ಹೊಗಳಿಕೆಯನ್ನು ಕಿವಿಯಾರೆ ಕೇಳುವ ಆಸೆ ಅವನಿಗೆ. ಗಿರಾಕಿಗಳ ಸಾಲಿನಲ್ಲಿ ತಾನೂ ಒಬ್ಬನಾಗಿ ನಿಂತ.

ಮುಂದಿದ್ದ ರೈತ ಹೆಂಗಸು ಹೊಸ ಪೊಟ್ಟಣ ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇವರು ನಮ್ಮ ಸಾವ್ಕಾರ್ರಂಗ ಅದಾರ ಖರೆ. ಆದ್ರ ಇವರು ನಮ್ಮ ಗುರ್ತಾ ಹಿಡಿಯಂಗಿಲ್ಲ.”

ಹೀಗೆಂದು ಅದನ್ನು ಕೆಳಗಿಟ್ಟು, ಹಳೆಯ ಪೊಟ್ಟಣ ತೆಗೆದುಕೊಂಡು ಹೋದಳು. ಅವಳ ಹಿಂದಿನವನೂ ಹಾಗೇ ಮಾಡಿದ. ಮಧ್ಯಾಹ್ನದವರೆಗೂ ಹೊಸ ಪೊಟ್ಟಣಗಳ ರಾಶಿ ಇದ್ದಷ್ಟೇ ಇತ್ತು. ವ್ಯಾಪಾರಿಯ ಮುಖ ಹುಳ್ಳಗಾಯಿತು. ಛಾಯಾಗ್ರಾಹಕ ಮೂಲೆಗೆ ಸರಿದು, ಬೆಳಕಿನಲ್ಲಿ ಎಲ್ಲಿ ತಪ್ಪಿದೆ ಎಂದು ತಲೆ ಕೆರೆದುಕೊಂಡ. ಎಲ್ಲಿಯೂ ತಪ್ಪಿರಲಿಲ್ಲ. ವ್ಯಾಪಾರಿಯನ್ನೇ ನೋಡುತ್ತ ನಿಂತ. ಬಾಗಿಲ ಬೆಳಕಿಗೆ ಅವನ ಗಾಜು ಬೆಳ್ಳಗೆ ಹೊಳೆಯುತ್ತಿತ್ತು. ಒಳಗೆ ಕಣ್ಣು ಹುಣಸೆಬೀಜದಷ್ಟೇ ಇತ್ತು. ಆದರೂ ಅವನು ತಲೆಯೆತ್ತಿ ನೋಡಿದರೆ ಸಾಕು, ಗಿರಾಕಿಗಳು ತಮ್ಮ ಹೊಲದ ಸುದ್ದಿ, ಎತ್ತಿನ ಸುದ್ದಿ, ಮಗಳ ಬಾಣಂತನದ ಸುದ್ದಿಯನ್ನೆಲ್ಲ ಅವನ ಮುಂದೆ ಸುರಿಯುತ್ತಿದ್ದರು.

ಸಾಲು ಕರಗಿತು. ವ್ಯಾಪಾರಿ ಮೂಲೆಯಲ್ಲಿದ್ದವನನ್ನು ಕಣ್ತುಂಬ ನೋಡಿ, “ನೀವ್ಯಾರ್ರೀ? ಯಾವ ಬೀಜ ಬೇಕಾಗಿತ್ತು?” ಎಂದು ಕೇಳಿದ.

ಛಾಯಾಗ್ರಾಹಕ ತಬ್ಬಿಬ್ಬಾದ. ಎರಡು ತಾಸು ಎದುರುಬದುರು ಇದ್ದವರು. “ಸಾವ್ಕಾರ್ರ, ನಾನ್ರೀ. ಚಿತ್ರಾ ತಗದಾಂವ.”

“ಓಹೋ, ದನಿ ಗುರ್ತಾತು ನೋಡ್ರಿ! ಮುಖಾ ಇವತ್ತ ಕಂಡೆ.”

ವ್ಯಾಪಾರಿ ನಕ್ಕು, ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. ಛಾಯಾಗ್ರಾಹಕನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಎಷ್ಟು ಜನರ ಗಾಜು ಬಿಚ್ಚಿದೆನೋ ಎಂದು ನೆನೆದು ನಾಚಿಕೆಯಾಯಿತು. ನಾಳೆ ಇನ್ನೊಮ್ಮೆ ಬನ್ನಿ ಎಂದಷ್ಟೇ ಹೇಳಿ ಎದ್ದು ಹೋದ.

ಮರುದಿನ ಅವನು ಕನ್ನಡಕವನ್ನು ಮುಟ್ಟಲಿಲ್ಲ. ಮೊದಲು ವ್ಯಾಪಾರಿಯನ್ನು ಕಿಟಕಿಯ ಬಳಿ ಕೂರಿಸಿಕೊಂಡ. ಇಬ್ಬರೂ ಚಹಾ ಕುಡಿದರು. ಎರೆ ಹೊಲಕ್ಕೆ ಯಾವ ಜೋಳ ಒಳ್ಳೆಯದು ಎಂದು ಇವನು ಕೇಳಿದ, ಅವನು ಹೇಳಿದ. ಆಮೇಲೆ ಛಾಯಾಗ್ರಾಹಕ ದೀಪವನ್ನು ಒಂದು ಮೊಳ ಮೇಲೇರಿಸಿ ಪಕ್ಕಕ್ಕೆ ಸರಿಸಿದ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿಟ್ಟು ಗಾಜು ಕೆಳಕ್ಕೆ ಬಾಗುವಂತೆ ಮಾಡಿದ. ಹೊಳಪೆಲ್ಲ ಹೋಯಿತು, ಎಡಗಾಜಿನಲ್ಲಿ ಎಳ್ಳುಕಾಳಿನಷ್ಟು ಉಳಿಯಿತು. ಅದನ್ನು ಕಂಪ್ಯೂಟರಿನಲ್ಲಿ ಅಳಿಸಬಹುದಾಗಿತ್ತು. ಇರಲಿ ಬಿಡು ಎಂದು ಬಿಟ್ಟ.

ಆ ಚಿತ್ರದ ಪೊಟ್ಟಣಗಳು ಅಂಗಡಿಗೆ ಬಂದ ದಿನ ಅದೇ ಹೆಂಗಸು ತಂಗಿಯನ್ನು ಕರೆದುಕೊಂಡು ಬಂದಳು. ಪೊಟ್ಟಣದ ಮುಖ ನೋಡಿದಳು. ಎರಡು ಪೊಟ್ಟಣ ಎತ್ತಿ ಚೀಲಕ್ಕೆ ಹಾಕಿಕೊಂಡು, ತಂಗಿಗೂ ಎರಡು ಕೊಟ್ಟಳು. ವ್ಯಾಪಾರಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂದು ಸಂಜೆ ಅವನು ತಂದೆಯ ಮುಖದ ಕೊನೆಯ ಪೊಟ್ಟಣಕ್ಕೆ ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ತೂಗುಹಾಕಿ ಹೂವೇರಿಸಿದ.

ಮಾಸ್ತರರು ಕತೆ ಮುಗಿಸಿ ಮಜ್ಜಿಗೆಯ ಕೊನೆಯ ಗುಟುಕು ಕುಡಿದರು.

ದಾಕ್ಷಾಯಿಣಿಗೆ ಕತೆ ಹಿಡಿಸಿತು. ಆದರೆ ಸಮಾಧಾನವಾಗಲಿಲ್ಲ. ಆ ಛಾಯಾಗ್ರಾಹಕ ಮಾಡಿದ ತಪ್ಪನ್ನು ಅವಳು ಒಂದು ದಿನವೂ ಮಾಡಿರಲಿಲ್ಲ. ಕನ್ನಡಕ ಹಾಕಿಕೊಂಡು ಬಂದವರನ್ನು ಹಾಕಿಕೊಂಡೇ ಕೂರಿಸುತ್ತಿದ್ದಳು. ದೀಪವನ್ನೂ ಮೇಲಕ್ಕೇ ಇಡುತ್ತಿದ್ದಳು. ಮಾಸ್ತರರಿಗೆ ವಯಸ್ಸಾಯಿತು, ಬೇರೆ ಯಾರಿಗೋ ಹೇಳಬೇಕಾದ ಕತೆಯನ್ನು ತನಗೆ ಹೇಳಿದ್ದಾರೆ ಎಂದುಕೊಂಡಳು.

“ಕತಿ ಚೊಲೋ ಐತ್ರಿ ಸರ್. ಆದ್ರ ನಾ ಯಾರ ಗಾಜೂ ಬಿಚ್ಚಿಲ್ರಿ. ಆ ಹನ್ನೊಂದು ಮಂದಿಗೂ ಕಣ್ಣು ಚೊಲೋ ಕಾಣ್ತಾವು. ಇದು ನನಗ ಹೊಂದಂಗಿಲ್ರಿ.”

ಮಾಸ್ತರರು ಲೋಟ ಕೆಳಗಿಟ್ಟು, ಮೊಣಕಾಲು ಹಿಡಿದು ಎದ್ದು, ಬಂದವರು ಕೂರುವ ಸ್ಟೂಲಿನ ಮೇಲೆ ಹೋಗಿ ಕುಳಿತರು. ನಾಳೆ ಅವರಿಗೆ ಹೇಗೆ ಹಚ್ಚುತ್ತೀಯೋ ಹಾಗೇ ದೀಪ ಹಚ್ಚು ಎಂದರು.

ದಾಕ್ಷಾಯಿಣಿ ಕೋಣೆಯ ಬಲ್ಬು ಆರಿಸಿದಳು. ಮೂರು ದೀಪ ಹಚ್ಚಿ, ಒಂದೊಂದನ್ನೂ ಅಳೆದು ಸರಿಪಡಿಸಿ, ಕ್ಯಾಮೆರಾದ ಹಿಂದೆ, ಕಪ್ಪು ಗೋಡೆಯ ಕತ್ತಲಲ್ಲಿ, ಬಂದು ನಿಂತಳು. ಮಾಸ್ತರರ ಸುಕ್ಕುಗಟ್ಟಿದ ಮುಖದ ಮೇಲೆ ಬೆಳಕು ಅವಳು ಬಯಸಿದಂತೆಯೇ ಕೂತಿತ್ತು. ಅವಳಿಗೆ ಹೆಮ್ಮೆಯಾಯಿತು. ಮಾಸ್ತರರು ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ದೀಪಗಳ ಆಚೆ ಏನನ್ನೋ ಹುಡುಕತೊಡಗಿದರು.

“ಇಲ್ಲೇ ಅದೀನ್ರಿ ಸರ್. ಇಲ್ಲಿ ನೋಡ್ರಿ,” ಎಂದು ಅವಳು ಕೈಯೆತ್ತಿದಳು.

ಅವರ ನೋಟ ಒಂದು ಗೇಣು ಆಚೆ ಬಿತ್ತು. ದಾಕ್ಷಾಯಿಣಿಯ ಕೈ ತಾನಾಗಿ ಕ್ಯಾಮೆರಾವನ್ನು ಅತ್ತ ಸರಿಸಲು ಹೋಗಿ, ನಡುವೆಯೇ ನಿಂತುಬಿಟ್ಟಿತು.

“ದನಿ ಗುರ್ತಾತು ತಂಗಿ,” ಎಂದರು ಮಾಸ್ತರರು. “ಮುಖಾ ಎಲ್ಲೈತಿ?”