ಓಲೆಚೀಲದ ಹೊಲಿಗೆ

“ಗುರುಗಳೇ, ತಡವಾಗಿ ಒಂದು ವಿದ್ಯೆಗೆ ಬಂದವನು ತನ್ನ ಹಳೆಯ ಕಸುಬನ್ನು ಏನು ಮಾಡಬೇಕು?”

ಕೇಳಿದವನು ಚನ್ನವೀರ. ಹದಿನಾರು ವರ್ಷ ಸೈನ್ಯದಲ್ಲಿದ್ದು, ಹೆಚ್ಚಿನ ಕಾಲ ಗೇಟಿನ ಕಾವಲು ಕಾದವನು. ಸೈನ್ಯ ಬಿಟ್ಟ ಮೇಲೆ ಎರಡು ವರ್ಷ ಓದಿದ. ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ಸೈಬರ್ ಭದ್ರತೆಯ ಕೆಲಸಕ್ಕೆ ಸೇರಿ ಈಗ ನಾಲ್ಕು ತಿಂಗಳು. ಪ್ರಶ್ನೆಯನ್ನಷ್ಟೇ ಕೇಳಿದ, ಅದರ ಹಿಂದಿದ್ದ ಸಂಕಟವನ್ನು ನುಂಗಿಕೊಂಡ.

ಸಂಕಟ ಇದು. ಅವನ ತಂಡ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ಪರೀಕ್ಷಿಸಿತ್ತು. ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆಯಲ್ಲಿ ಒಬ್ಬ ಗುಮಾಸ್ತರ ಹೆಸರು ದಿನವೂ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಕಾಣುತ್ತಿತ್ತು. ಭಾನುವಾರವೂ ತಪ್ಪಿರಲಿಲ್ಲ. ಪಾಸ್‌ವರ್ಡ್ ಸರಿಯಿತ್ತು, ಪರೀಕ್ಷೆಯ ಪಟ್ಟಿಯ ಪ್ರಕಾರ ಎಲ್ಲವೂ ಸರಿಯಿತ್ತು. ಆದರೆ ಗೇಟು ಕಾದವನಿಗೆ ಗೊತ್ತು, ಮನುಷ್ಯರು ಹಾಗೆ ಬರುವುದಿಲ್ಲ. ಮಳೆ ಬಂದರೆ ತಡ, ಮಗುವಿಗೆ ಜ್ವರ ಬಂದರೆ ತಡ. ಆ ಹೆಸರಿನಲ್ಲಿ ಬೇರೆ ಯಾರೋ ಬರುತ್ತಿದ್ದಾರೆ ಎಂದು ಅವನ ಮನಸ್ಸು ಹೇಳುತ್ತಿತ್ತು. ಬಾಯಿಬಿಟ್ಟರೆ ತಂಡದಲ್ಲಿದ್ದ, ತನಗಿಂತ ಹತ್ತು ವರ್ಷ ಚಿಕ್ಕವರು ‘ಸಿಪಾಯಿ ಬುದ್ಧಿ’ ಎಂದು ನಕ್ಕಾರು ಎಂದು ಅಂಜಿದ. ಎಲ್ಲವೂ ಸರಿಯಿದೆ ಎಂಬ ವರದಿಗೆ ಮರುದಿನ ಅವನೂ ಸಹಿ ಹಾಕಬೇಕಿತ್ತು.

ಗುರು ಮರುಳಯ್ಯ ಅವನ ಮುಖವನ್ನು ಒಮ್ಮೆ ನೋಡಿ ಕತೆ ಶುರು ಮಾಡಿದರು.

“ಒಬ್ಬ ನೇಕಾರನಿದ್ದ. ಮಗ್ಗ ಬಿಟ್ಟು ದಂಡಿಗೆ ಸೇರಿದ. ಹನ್ನೆರಡು ವರ್ಷ ಗಡಿಯ ಹೊಳೆ ದಾಟುವ ಕಡವಿನಲ್ಲಿ ಕಾವಲಿದ್ದ. ಒಂದು ಕಾಳಗದಲ್ಲಿ ಕಾಲಿಗೆ ಪೆಟ್ಟಾಯಿತು. ಜೊತೆಯ ಸಿಪಾಯಿಯೊಬ್ಬ ಬೆನ್ನ ಮೇಲೆ ಹೊತ್ತು ತಂದು ಬದುಕಿಸಿದ.

ಕುಂಟನಿಗೆ ದಂಡಿನಲ್ಲಿ ಏನು ಕೆಲಸ? ಇನ್ನಾದರೂ ನಾಲ್ಕಕ್ಷರ ಕಲಿಯೋಣ ಎಂದು ಅರಮನೆಯ ಓಲೆಮನೆಗೆ ಹೋದ. ರಾಜ್ಯದ ಪತ್ರಗಳೆಲ್ಲ ಮೊದಲು ಬರುತ್ತಿದ್ದುದು ಅಲ್ಲಿಗೆ. ಬಟ್ಟೆಯ ಚೀಲದಲ್ಲಿ ಪತ್ರ, ಚೀಲದ ಬಾಯಿಗೆ ದಾರ, ದಾರದ ಗಂಟಿನ ಮೇಲೆ ಅರಗಿನ ಮುದ್ರೆ. ಆ ಮುದ್ರೆ ನಿಜವೋ ಸುಳ್ಳೋ ಎಂದು ಹೇಳುವುದೇ ಅಲ್ಲಿನ ವಿದ್ಯೆ. ಎಳೆಯರು ಒಂದು ದಿನದಲ್ಲಿ ಕಲಿತದ್ದು ಇವನಿಗೆ ಒಂದು ವಾರ ಹಿಡಿಯಿತು. ಹಠ ಬಿಡಲಿಲ್ಲ, ಕಲಿತ.

ಕಲಿತ ಮೇಲೆ ಒಂದು ಹುಚ್ಚು ಹತ್ತಿತು. ತಾನೂ ಹುಟ್ಟಾ ಓಲೆಮನೆಯವನ ಹಾಗೆಯೇ ಕಾಣಬೇಕು. ಹಿಂದೆ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಮಾತು ತೇಲಿಸುತ್ತಿದ್ದ. ನೇಕಾರನ ಬೆರಳು ಬಟ್ಟೆ ಕಂಡಲ್ಲಿ ತಾನಾಗಿ ಸವರುತ್ತದೆ. ಅದು ಯಾರಿಗೂ ಕಾಣದಿರಲಿ ಎಂದು ಕೈಯನ್ನು ಹೊದ್ದ ವಸ್ತ್ರದೊಳಗೆ ಇಟ್ಟುಕೊಳ್ಳುತ್ತಿದ್ದ. ನೋಡು ತಮ್ಮಾ, ಅಷ್ಟು ವರ್ಷ ಅನ್ನ ಹಾಕಿದ ಕೈಗೇ ನಾಚಿದ.

ಒಂದು ದಿನ ಗಡಿಯಿಂದ ದಂಡನಾಯಕನ ಪತ್ರ ಬಂತು. ಎಲ್ಲರೂ ಮುದ್ರೆ ನೋಡಿದರು, ಸರಿ ಎಂದರು. ಕೊನೆಗೆ ಚೀಲ ಇವನ ಕೈಗೆ ಬಂತು. ಮುದ್ರೆ ನಿಜವಾಗಿಯೂ ಸರಿಯಿತ್ತು. ಆದರೆ ಹೆಬ್ಬೆರಳು ಚೀಲದ ಅಡಿಯ ಹೊಲಿಗೆಗೆ ತಾಗಿತು. ನೂಲು ಅದೇ, ಬಣ್ಣ ಅದೇ. ನಾಲ್ಕು ಬೆರಳಗಲ ಮಾತ್ರ ಹೊಲಿಗೆ ಕೊಂಚ ಬಿಗಿ. ಅದು ಬೇರೊಂದು ಕೈಯ ಹೊಲಿಗೆ. ಯಾರೋ ಅಡಿಯನ್ನು ಬಿಚ್ಚಿ, ಪತ್ರ ಬದಲಿಸಿ, ಮತ್ತೆ ಹೊಲಿದಿದ್ದರು. ಅವನಿಗೆ ಗೊತ್ತಾಯಿತು.

ಓಲೆಮನೆಯ ಹಿರಿಯ ಕೇಳಿದ, ‘ಹೇಗಿದೆಯಪ್ಪಾ?’

‘ಮುದ್ರೆ ಸರಿಯಿದೆ’ ಎಂದ ನೇಕಾರ.

ಸುಳ್ಳು ಹೇಳಲಿಲ್ಲ ನೋಡು. ಚೀಲ ಒಳಗೆ ಹೋಯಿತು. ಹಗೆಗಳ ಸುಳಿವಿಲ್ಲ, ಕಡವಿನ ಕಾವಲಿನಲ್ಲಿ ಅರ್ಧ ಜನರನ್ನು ಕರೆಸಿಕೊಳ್ಳಿ ಎಂದು ಪತ್ರದಲ್ಲಿತ್ತು. ಅರಸ ಕರೆಸಿಕೊಂಡ. ಒಂಬತ್ತನೆಯ ದಿನ ಹಗೆಗಳು ಹೊಳೆ ದಾಟಿದರು. ಕಡವಿನಲ್ಲಿ ಉಳಿದಿದ್ದವರು ನಲವತ್ತು ಜನ, ಸತ್ತವರು ಮೂವತ್ತೊಂದು. ಇವನನ್ನು ಬೆನ್ನ ಮೇಲೆ ಹೊತ್ತು ತಂದವನೂ ಅವರಲ್ಲಿದ್ದ.

ಸುದ್ದಿ ಬಂದಾಗ ನೇಕಾರ ಹಿರಿಯನ ಕಾಲಿಗೆ ಬಿದ್ದು ಅತ್ತ. ಇದ್ದದ್ದನ್ನೆಲ್ಲ ಹೇಳಿದ. ‘ಅದು ನೇಕಾರನ ಮಾತು ಸ್ವಾಮಿ, ಓಲೆಮನೆಯ ಮಾತಲ್ಲ ಅಂದುಕೊಂಡೆ’ ಎಂದ.

ಹಿರಿಯನಿಗೆ ಬೈಯುವಷ್ಟು ತ್ರಾಣವೂ ಉಳಿದಿರಲಿಲ್ಲ. ‘ಮುದ್ರೆ ನೋಡುವವರು ನನ್ನ ಬಳಿ ಆಗಲೇ ಹನ್ನೊಂದು ಜನ ಇದ್ದರಲ್ಲೋ. ಮೊದಲ ದಿನವೇ ನಿನ್ನ ಕೈ ನೋಡಿದ್ದೆ. ನಿನ್ನನ್ನು ಸೇರಿಸಿಕೊಂಡದ್ದು ಚೀಲ ನೋಡಲಿಕ್ಕೆ’ ಎಂದ.”

ಗುರು ಕತೆ ನಿಲ್ಲಿಸಿದರು. ಹನ್ನೊಂದು ಗಂಟೆ ಏಳು ನಿಮಿಷ ಎಂಬುದು ಚನ್ನವೀರನ ತಲೆಯಿಂದ ಇಳಿಯಲೊಲ್ಲದು. ಆ ಆಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದ್ದವರ ನೆನಪೂ ಬಂತು. ಮಾತಿಗೆ ಮಾತು ಸೇರಲಿ ಎಂಬಂತೆ ಕೇಳಿದ, “ಆಮೇಲೆ ಆ ನೇಕಾರ ಏನು ಮಾಡಿದ, ಗುರುಗಳೇ?”

“ಅವನ ಚೀಲ ಆಗಲೇ ಕೈಬಿಟ್ಟು ಹೋಗಿತ್ತು, ಏನು ಮಾಡಿಯಾನು? ನಿನ್ನ ಚೀಲ ಇನ್ನೂ ಕೈಯಲ್ಲೇ ಇದೆಯಲ್ಲ?”