ಊರಿಗೆಲ್ಲ ಮಾಳಿಗೆ ಹಾಕಿದ ದ್ಯಾವಪ್ಪ

ಇದನ್ನು ಸುಳ್ಳು ಅನ್ನುವ ಗಂಡಸಿದ್ದರೆ ಎದ್ದು ನಿಲ್ಲಲಿ. ಕೂತಲ್ಲೇ ಗುಸುಗುಸು ಬೇಡ. ಅಂಥ ಮನುಷ್ಯ ನಮ್ಮೂರು ಬಿಟ್ಟರೆ ಏಳು ಸೀಮೆಯಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ.

ನಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಿಗೆ ಬಾರದ ಕಾಲದಲ್ಲಿ, ಹಳ್ಳದ ದಂಡೆಯ ಈ ಊರಲ್ಲಿ ದ್ಯಾವಪ್ಪ ಅಂತ ಒಬ್ಬನಿದ್ದನಂತೆ. ಮನೆ ಕಟ್ಟುವುದು ಅವನ ಕಸುಬು. ಅವನು ಅಂಗೈ ಒತ್ತಿದ ಗೋಡೆಗೆ ಆನೆ ಮೈ ಉಜ್ಜಿದರೂ ಮಣ್ಣು ಉದುರುತ್ತಿರಲಿಲ್ಲವಂತೆ. ಆದರೆ ಅವನು ಮಲಗುತ್ತಿದ್ದುದು ಗೌಡನ ದನದ ಕೊಟ್ಟಿಗೆಯಲ್ಲಿ.

ಪ್ರಾಯದಲ್ಲಿ ಉಪ್ಪು ಮಾರುವವರ ಎತ್ತಿನ ಹಿಂಡಿನ ಹಿಂದೆ ಹೋದವನು ಭೂಮಿ ಮುಗಿಯುವ ತನಕ ನಡೆದನಂತೆ. ತಿರುಗಿ ಬಂದಾಗ ಗಡ್ಡ ನೆರೆತಿತ್ತಂತೆ. ಬಂದವನೇ ಊರ ಮಕ್ಕಳನ್ನು ಕೂಡಿಸಿಕೊಂಡು, ಹಸಿ ಮಣ್ಣಲ್ಲಿ ಪುಟ್ಟ ಪುಟ್ಟ ಮನೆ ಮಾಡಿ ತೋರಿಸಿದನಂತೆ. ಮರಳುಗಾಡಿನವರು ಆಡಿನ ಕೂದಲು ನೇಯ್ದು ಕರಿ ಗುಡಾರ ಹಾಕುತ್ತಾರೆ. ಬಿಸಿಲಿದ್ದಾಗ ನೇಯ್ಗೆಯ ಸಂದಿಯಲ್ಲಿ ಗಾಳಿ ಆಡುತ್ತದೆ, ಮಳೆ ಬಿದ್ದರೆ ಕೂದಲು ಉಬ್ಬಿ ಸಂದಿ ಮುಚ್ಚುತ್ತದೆ. ಕುದುರೆ ಸಾಕುವವರು ಉಣ್ಣೆ ಹೊದಿಸಿದ ದುಂಡು ಮನೆಯನ್ನೇ ಬಿಚ್ಚಿ ಹೇರಿಕೊಂಡು ಹುಲ್ಲಿದ್ದಲ್ಲಿಗೆ ಹೋಗುತ್ತಾರೆ. ನೀರಿನ ನಾಡಿನವರು ಮರದ ಕಾಲುಗಳ ಮೇಲೆ ಮನೆ ನಿಲ್ಲಿಸುತ್ತಾರೆ. ಕೆಳಗೆ ಹೊಳೆ ಹರಿಯುತ್ತದೆ, ಮೇಲೆ ಕೂಸು ನಿದ್ದೆ ಮಾಡುತ್ತದೆ. ಇನ್ನೂ ಆಚೆಯವರು ಆಲಿಕಲ್ಲಿನ ಬಣ್ಣದ ಹಿಮ ಕೊಯ್ದು ಗುಮ್ಮಟ ಕಟ್ಟಿ, ಒಳಗೆ ದೀಪ ಹಚ್ಚಿಕೊಂಡು ಬೆಚ್ಚಗಿರುತ್ತಾರೆ.

"ಲೇ ದ್ಯಾವ್ಯಾ, ದೀಪ ಹಚ್ಚಿದ್ರ ಮನಿ ಕರಗಿ ನೀರಾಗಿ ಚರಿಗ್ಯಾಗ ಬರೂದಿಲ್ಲೇನು?" ಅಂತ ಗೌಡ ಕಟ್ಟೆಯ ಮೇಲಿಂದ ಕೆಣಕಿದನಂತೆ.

"ಹೊರಗಿನ ಥಂಡಿ ಅದನ್ನ ಹಿಡಿದಿರ್ತದ್ರಿ ಗೌಡ್ರ. ಪರದೇಶಿ ಬಂದ್ರೂ ಒಳಗ ಕರೀತಾರ ಅವರು. ನಾ ಅಲ್ಲಿ ಮಲಗಿ ಬಂದೇನಿ. ನೀವು ಊರ ಅಗಸಿ ದಾಟೀರೇನು?"

ಜನ ನಕ್ಕರು. ಗೌಡ ನಗಲಿಲ್ಲ.

ಆ ವರ್ಷ ದ್ಯಾವಪ್ಪ ಹಳ್ಳದ ಕಡೆಯ ಬೀಳು ನೆಲದಲ್ಲಿ ತನಗೇ ಅಂತ ಗೋಡೆ ಎಬ್ಬಿಸಿದ. ತೊಲೆ ಇಟ್ಟ, ಜಂತಿ ಜೋಡಿಸಿದ. ಉಳಿದದ್ದು ಮಾಳಿಗೆ, ಜಂತಿಯ ಮೇಲೆ ಹಾಸಿ ಬಡಿಯುವ ಮಣ್ಣಿನ ಚಾವಣಿ; ಮಳೆಗಾಲ ಹತ್ತಿರ. ನಮ್ಮ ಸೀಮೆಯ ಮಾಳಿಗೆ ಒಬ್ಬನಿಂದ ಆಗುವ ಕೆಲಸವಲ್ಲ. ಮಣ್ಣು ಒಂದೇ ದಿನದಲ್ಲಿ ಮೇಲೇರಬೇಕು, ಒಂದೇ ದಿನದಲ್ಲಿ ಬಡಿದು ಮುಗಿಸಬೇಕು. ಇವತ್ತಿಷ್ಟು ನಾಳೆ ಇಷ್ಟು ಅಂದರೆ ಕೂಡಿದಲ್ಲಿ ಬಿರುಕು ಬಿಡುತ್ತದೆ. ಅದಕ್ಕೇ ಮುಯ್ಯಿ: ನಿನ್ನ ಮಾಳಿಗೆಗೆ ನಾನು ಮಣ್ಣು ಹೊರುತ್ತೇನೆ, ನನ್ನದಕ್ಕೆ ನೀನು.

ದ್ಯಾವಪ್ಪ ಮುಯ್ಯಿ ಕೇಳಲು ಹೋದ. ದೇಶ ತಿರುಗಲು ಹೋಗುವ ಮೊದಲೂ ಬಂದ ಮೇಲೂ, ಊರಿನ ಯಾವ ಮಾಳಿಗೆಗೆ ಅವನು ಮಣ್ಣು ಹೊತ್ತಿರಲಿಲ್ಲ?

ಗೌಡ ಎಲೆಅಡಿಕೆ ಅಗಿಯುತ್ತ ಹೇಳಿದನಂತೆ: "ಮುಯ್ಯಿ ಅಂದ್ರ ಮನಿಯಿಂದ ಮನಿಗೆ. ನೀ ಹೊತ್ತಿ, ಖರೆ. ಯಾವ ಮನಿಯಿಂದ ಬಂದು ಹೊತ್ತಿ?"

"ಅದೇ ಮನೀನ ಕಟ್ಟಾಕ ಹತ್ತೇನಲ್ರೀ."

"ಕಟ್ಟು. ಆಮ್ಯಾಲೆ ಕೇಳು, ಬರ್ತೀವಿ."

ಮನೆಯಾಗಲು ಮುಯ್ಯಿ ಬೇಕು, ಮುಯ್ಯಿಗೆ ಮನೆ ಬೇಕು. ಎಂಥ ನ್ಯಾಯ ನೋಡಿ! ಊರಿಗೆ ಊರೇ ಹೌದೆಂದು ತಲೆ ಆಡಿಸಿತಂತೆ. ನಮ್ಮ ಹಿರೀಕರ ತಲೆಯೂ ಅದರಲ್ಲಿತ್ತು. ಅದನ್ನು ಮಾತ್ರ ಯಾರೂ ಎದೆ ತಟ್ಟಿ ಹೇಳುವುದಿಲ್ಲ.

ಮಕ್ಕಳು ಉಡಿಯಲ್ಲಿ ಮಣ್ಣು ತಂದವಂತೆ. ತಾಯಂದಿರು ರಟ್ಟೆ ಹಿಡಿದು ಎಳೆದೊಯ್ದರಂತೆ. ದ್ಯಾವಪ್ಪ ಒಬ್ಬನೇ ಹೊತ್ತ, ಒಬ್ಬನೇ ಬಡಿದ. ಅರ್ಧ ಮಾಳಿಗೆ ಆಗುವಷ್ಟರಲ್ಲಿ ಮಳೆ ಹಿಡಿಯಿತು. ನೀರು ಇಳಿದು ಗೋಡೆಯ ನೆತ್ತಿ ಕರಗಿತು, ತೊಲೆ ಜಾರಿತು. ಜನ ಓಡಿ ಬಂದಾಗ ಅವನು ಅದರಡಿಯಲ್ಲಿ ತಣ್ಣಗಾಗಿದ್ದನಂತೆ. ಇಲ್ಲ, ಅವನು ಸಾಯಲಿಲ್ಲ, ಹಿಮದ ಮನೆಯವರ ಹತ್ತಿರ ನಡೆದುಬಿಟ್ಟ ಅನ್ನುವವರೂ ಇದ್ದಾರೆ. ಅದು ನಾಚಿಕೆ ಮುಚ್ಚಿಕೊಳ್ಳುವವರ ಮಾತು.

ಆ ಮಳೆಗಾಲ ಊರಿನ ಒಂದು ಮಾಳಿಗೆಯೂ ಸೋರದೆ ಉಳಿಯಲಿಲ್ಲವಂತೆ; ದ್ಯಾವಪ್ಪನ ಶಾಪ ಅಂದರಂತೆ. ಪ್ರೀತಿಗೆ ಬಗ್ಗದ ಊರು ಹೆದರಿಕೆಗೆ ಬಗ್ಗಿತು. ಈಗಲೂ ನಮ್ಮೂರಲ್ಲಿ ಹೊಸ ಮನೆಯ ಹಾಲು ಉಕ್ಕಿಸಿದ ದಿನ, ಸಿಮೆಂಟಿನ ಮನೆಯಾದರೂ ಸರಿ, ಮೊದಲ ಎಡೆ ದ್ಯಾವಪ್ಪನಿಗೆ. ಹೋಳಿಗೆ, ಅನ್ನ, ತುಪ್ಪ, ಯಾವುದಕ್ಕೂ ಕೊರತೆ ಮಾಡುವುದಿಲ್ಲ. ಒಳಗೆ ಮಾತ್ರ ಬಡಿಸುವುದಿಲ್ಲ.

ಕೊನೆಗೆ ಅವನಿಗೆ ಸಿಕ್ಕಿದ್ದು ಹೊಸ್ತಿಲ ಹೊರಗೆ ಒಂದು ಬಾಳೆಲೆ.